ಕ್ಲಚ್ ಒತ್ತದಿರುವಾಗ ಎಡಗಾಲು ಎಲ್ಲಿರುತ್ತದೆ?

ಕಳೆದ ಬೇಸಿಗೆಯಲ್ಲಿ ನಮ್ಮ ಕ್ಲಿನಿಕ್ಕಿಗೆ ಒಬ್ಬ ಪ್ರೌಢಶಾಲಾ ಮೇಷ್ಟ್ರು ಬಂದರು. ವಯಸ್ಸು 52. ಎಡ ಮಂಡಿಯ ಸುತ್ತ ನೋವು, ಅದರ ಕೆಳಗೆ ಕಾಲಿನ ಮುಂಭಾಗದಲ್ಲಿ ಹಿಡಿದುಕೊಂಡಂತಹ ನೋವು, ಸಂಜೆಯ ಹೊತ್ತಿಗೆ ಸೊಂಟದ ಎಡಬದಿಯಲ್ಲಿ ಸೆಳೆತ. ಕೈಯಲ್ಲೊಂದು ದಪ್ಪ ಫೈಲು. ಮಂಡಿಯ ಎಕ್ಸ್-ರೇ, ಸೊಂಟದ ಎಂ.ಆರ್.ಐ., ರಕ್ತದಲ್ಲಿ ಯೂರಿಕ್ ಆಮ್ಲ, ವಿಟಮಿನ್ ಡಿ ಎಲ್ಲ ಪರೀಕ್ಷೆಗಳೂ ಆಗಿದ್ದವು. ಎಕ್ಸ್-ರೇಯಲ್ಲಿ ಐವತ್ತು ದಾಟಿದವರಲ್ಲಿ ಸಾಮಾನ್ಯವಾಗಿ ಕಾಣುವಷ್ಟು ಸವೆತವಿತ್ತು. ಅದೂ ಎರಡೂ ಮಂಡಿಗಳಲ್ಲಿ ಒಂದೇ ಸಮ. ಆದರೆ ನೋವು ಎಡಗಾಲಿನಲ್ಲಿ ಮಾತ್ರ.

ಬಲಗಾಲಿಗಿಲ್ಲದೆ ಎಡಗಾಲಿಗೆ ಮಾತ್ರ ಇರುವ ಕೆಲಸ ಯಾವುದು ಎಂದು ವಿಚಾರಿಸುತ್ತಾ ಹೋದೆ. ಎಂಟು ತಿಂಗಳ ಹಿಂದೆ ಅವರು ಹಳೆಯ ಕಾರೊಂದನ್ನು ಕೊಂಡು, ಡ್ರೈವಿಂಗ್ ಸ್ಕೂಲಿಗೆ ಸೇರಿ ಕಲಿತು, ಹಾಸನದಿಂದ ಸಕಲೇಶಪುರದ ಕಡೆಯ ತಮ್ಮ ಶಾಲೆಗೆ ದಿನವೂ ಓಡಿಸಿಕೊಂಡು ಹೋಗಿಬರುತ್ತಿದ್ದರು.

“ಕ್ಲಚ್ ಒತ್ತದೇ ಇರುವಾಗ ಎಡಗಾಲನ್ನು ಎಲ್ಲಿ ಇಟ್ಟುಕೊಳ್ಳುತ್ತೀರಿ ಮೇಷ್ಟ್ರೇ?” ಎಂದು ಕೇಳಿದೆ.

“ಎಲ್ಲಿಡೋದು ಡಾಕ್ಟ್ರೇ? ಅಲ್ಲೇ ಇರುತ್ತೆ” ಎಂದರು.

ಅಲ್ಲೇ ಎಂದರೆ ಎಲ್ಲಿ ಎಂಬುದು ಅವರಿಗೂ ಸರಿಯಾಗಿ ಗೊತ್ತಿರಲಿಲ್ಲ. ಅಂದು ರೋಗಿಗಳೆಲ್ಲ ಹೋದ ಮೇಲೆ ಅವರ ಕಾರಿನಲ್ಲೇ ಸಾಲಗಾಮೆ ರಸ್ತೆಯಲ್ಲಿ ಒಂದು ಸುತ್ತು ಹೋಗಿಬಂದೆವು. ನಾನು ಪಕ್ಕದ ಸೀಟಿನಲ್ಲಿ ಕುಳಿತು ರಸ್ತೆ ನೋಡುವ ಬದಲು ಅವರ ಕಾಲನ್ನೇ ನೋಡುತ್ತಿದ್ದೆ. ನಾಲ್ಕನೇ ಗೇರಿನಲ್ಲಿ, ಖಾಲಿ ರಸ್ತೆಯಲ್ಲಿ, ಕ್ಲಚ್ಚಿನ ಅಗತ್ಯವೇ ಇಲ್ಲದಿದ್ದಾಗಲೂ ಅವರ ಎಡಪಾದ ಕ್ಲಚ್ ಪೆಡಲಿನಿಂದ ಎರಡು ಬೆರಳು ಮೇಲೆ ಗಾಳಿಯಲ್ಲಿ ತೂಗಾಡುತ್ತಿತ್ತು. ಆಗಾಗ ಆಯಾಸವಾದಾಗ ಪೆಡಲಿನ ಮೇಲೆಯೇ ಹಗುರವಾಗಿ ಕೂರುತ್ತಿತ್ತು. ನೆಲ ಮುಟ್ಟಿದ್ದನ್ನು ಮಾತ್ರ ನಾನು ಕಾಣಲಿಲ್ಲ. ಕಲಿಸಿದವರು ಮೊದಲ ದಿನವೇ “ಕ್ಲಚ್ ಮೇಲಿಂದ ಕಾಲು ತೆಗೀಬೇಡಿ ಸಾರ್” ಎಂದಿದ್ದರಂತೆ. ಹೊಸದಾಗಿ ಕಲಿಯುವವರಿಗೆ ಮೊದಲ ಕೆಲವು ದಿನ ಈ ಮಾತು ಬೇಕು. ಆಮೇಲೆ ತೆಗೆಯಬಹುದು ಎಂದು ಹೇಳುವುದನ್ನು ಎಲ್ಲರೂ ಮರೆಯುತ್ತಾರೆ.

ಓದುಗರು ಕುರ್ಚಿಯಲ್ಲಿ ಕುಳಿತಿದ್ದರೆ ಒಂದು ಸಣ್ಣ ಪ್ರಯೋಗ ಮಾಡಿ ನೋಡಿ. ಎಡಗಾಲಿನ ಹಿಮ್ಮಡಿಯನ್ನು ನೆಲಕ್ಕೆ ಊರಿ, ಪಾದದ ಮುಂಭಾಗವನ್ನು ಮಾತ್ರ ಮೇಲೆತ್ತಿ ಹಿಡಿಯಿರಿ. ಹಾಗೆಯೇ ಓದುವುದನ್ನು ಮುಂದುವರಿಸಿ.

ನಮ್ಮ ದೇಹದ ತೂಕದಲ್ಲಿ ಒಂದು ಕಾಲಿನ ಪಾಲು ಸುಮಾರು ಆರರಲ್ಲೊಂದು. 60 ಕೆ.ಜಿ. ತೂಕದವರ ಒಂದು ಕಾಲು 9ರಿಂದ 10 ಕೆ.ಜಿ. ತೂಗುತ್ತದೆ. ಮಂಡಿಯಿಂದ ಕೆಳಗಿನ ಭಾಗವೇ ಮೂರೂವರೆ ಕೆ.ಜಿ.ಗೂ ಹೆಚ್ಚು. ಕಾಲು ನಮ್ಮದೇ ಆದ್ದರಿಂದ ಈ ಭಾರ ನಮಗೆ ತಿಳಿಯುವುದಿಲ್ಲ, ಅಷ್ಟೆ. ಪಾದವನ್ನು ಪೆಡಲಿನ ಮೇಲೆ ಎತ್ತಿ ಹಿಡಿಯಲು ಕಾಲಿನ ಮುಂಭಾಗದ ಸ್ನಾಯು, ತೊಡೆಯ ಮುಂಭಾಗದ ಸ್ನಾಯು, ಅದರ ಮೇಲೆ ಸೊಂಟದ ಒಳಗಿನಿಂದ ತೊಡೆಗೆ ಬರುವ ಸ್ನಾಯು, ಈ ಮೂರೂ ಬಿಗಿಯಾಗಿ ನಿಂತಿರಬೇಕು.

ಸ್ನಾಯು ದುಡಿಯುವುದರಲ್ಲಿ ಎರಡು ಬಗೆ. ನಡೆಯುವಾಗ ಅದು ಬಿಗಿಯುತ್ತದೆ, ಸಡಿಲಾಗುತ್ತದೆ, ಮತ್ತೆ ಬಿಗಿಯುತ್ತದೆ. ಸಡಿಲಾದಾಗಲೆಲ್ಲ ಹೊಸ ರಕ್ತ ಒಳನುಗ್ಗಿ ಆಮ್ಲಜನಕವನ್ನು ತರುತ್ತದೆ, ಕಲ್ಮಶವನ್ನು ಒಯ್ಯುತ್ತದೆ. ಒಂದೇ ಸ್ಥಿತಿಯಲ್ಲಿ ಬಿಗಿದು ನಿಂತ ಸ್ನಾಯುವಾದರೋ ತನ್ನೊಳಗಿನ ಸಣ್ಣ ರಕ್ತನಾಳಗಳನ್ನು ತಾನೇ ಅದುಮಿಕೊಳ್ಳುತ್ತದೆ. ತುಂಬಿದ ಕೊಡವನ್ನು ಸೊಂಟದಲ್ಲಿಟ್ಟುಕೊಂಡು ಫರ್ಲಾಂಗು ದೂರ ನಡೆಯುವ ಹೆಂಗಸಿಗೂ ಅದೇ ಕೊಡವನ್ನು ಕೈಚಾಚಿ ಎರಡು ನಿಮಿಷ ಹಿಡಿದು ನಿಲ್ಲುವುದು ಸಾಧ್ಯವಿಲ್ಲ. ದಿನಕ್ಕೆ ನಾನೂರು ಸಲ ಕ್ಲಚ್ ಒತ್ತುವ ಕಾಲಿಗಿಂತ, ಒತ್ತದೆ ಸುಮ್ಮನೆ ಎತ್ತಿ ಹಿಡಿದ ಕಾಲು ಬೇಗ ದಣಿಯುವುದು ಇದೇ ಕಾರಣದಿಂದ.

ಸೊಂಟದ ಮಾತಿಗೆ ಬರೋಣ. ತೊಡೆಯನ್ನು ಮೇಲೆತ್ತುವ ಮುಖ್ಯ ಸ್ನಾಯು ಹುಟ್ಟುವುದು ಬೆನ್ನೆಲುಬಿನ ಕೆಳಭಾಗದ ಮೂಳೆಗಳಿಂದ. ಎಡಗಾಲು ಗಾಳಿಯಲ್ಲಿದ್ದಷ್ಟು ಹೊತ್ತೂ ಅದು ಬೆನ್ನೆಲುಬನ್ನು ಒಂದೇ ಕಡೆಯಿಂದ ಜಗ್ಗುತ್ತಿರುತ್ತದೆ. ಜತೆಗೆ ಊರಿಕೊಳ್ಳಲು ಕಾಲಿಗೆ ಆಸರೆ ಇಲ್ಲದಿದ್ದರೆ ತಿರುವಿನಲ್ಲಿ ಇಡೀ ಮೈ ವಾಲುತ್ತದೆ. ವಾಲದಂತೆ ತಡೆಯಲು ನಾವು ಸ್ಟೇರಿಂಗನ್ನೇ ಗಟ್ಟಿಯಾಗಿ ಹಿಡಿದುಕೊಳ್ಳುತ್ತೇವೆ. ಭುಜ, ಕುತ್ತಿಗೆಗಳೂ ಬಿಗಿಯುತ್ತವೆ. ಎತ್ತಿನ ಗಾಡಿ ಹೊಡೆಯುವವರು ಮೂಕಿಯ ಮೇಲೆ ಕಾಲೂರಿ ಕೂರುತ್ತಿದ್ದರಲ್ಲ, ಅದರಲ್ಲಿ ಅರ್ಥವಿತ್ತು.

ಸೊಂಟನೋವಿಗೆ ಎಡಗಾಲೊಂದೇ ಕಾರಣ ಎಂದು ನಾನು ಹೇಳುತ್ತಿಲ್ಲ. ಅಮೆರಿಕದ ಕನೆಕ್ಟಿಕಟ್ ರಾಜ್ಯದಲ್ಲಿ ನಡೆದು 1975ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಕೆಲಸದ ಅವಧಿಯ ಅರ್ಧ ಅಥವಾ ಅದಕ್ಕೂ ಹೆಚ್ಚು ಕಾಲ ವಾಹನ ಓಡಿಸುವ ಗಂಡಸರಲ್ಲಿ ಸೊಂಟದ ಡಿಸ್ಕ್ ಜಾರುವ ಸಂಭವ ಉಳಿದವರಿಗಿಂತ ಸುಮಾರು ಮೂರು ಪಟ್ಟು ಹೆಚ್ಚು ಕಂಡುಬಂದಿತ್ತು. ಅದಕ್ಕೆ ವಾಹನದ ಅದುರು, ಬಗ್ಗಿ ಕೂರುವುದು, ಗಂಟೆಗಟ್ಟಲೆ ಏಳದಿರುವುದು ಎಲ್ಲವೂ ಸೇರುತ್ತವೆ. ಹಿಂದಿನ ಜೇಬಿನ ದಪ್ಪ ಪರ್ಸೂ ತನ್ನ ಪಾಲನ್ನು ಸಲ್ಲಿಸುತ್ತದೆ. ಇವುಗಳ ಪೈಕಿ ರಸ್ತೆಯನ್ನು ನಾವು ರಿಪೇರಿ ಮಾಡಲಾರೆವು. ಕಾಲನ್ನು ಕೆಳಗಿಡುವುದು ನಮ್ಮ ಕೈಯಲ್ಲಿದೆ.

ಪಾದ ಎತ್ತಿ ಹಿಡಿದವರು ಈಗ ಇಳಿಸಬಹುದು. ಮಂಡಿಯ ಕೆಳಗೆ ಮುಂಭಾಗದಲ್ಲಿ ಉರಿ ಶುರುವಾಗಿರಬೇಕಲ್ಲ? ಮೇಷ್ಟ್ರು ದಿನಕ್ಕೆ ಎರಡು ಗಂಟೆ ಮಾಡುತ್ತಿದ್ದುದು ಇದನ್ನೇ.

ಹಾಗಾದರೆ ಕಾಲನ್ನು ಎಲ್ಲಿಡಬೇಕು? ಈಗಿನ ಅನೇಕ ಕಾರುಗಳಲ್ಲಿ ಕ್ಲಚ್ಚಿನ ಎಡಕ್ಕೆ, ಓರೆಯಾಗಿ, ಪಾದದಗಲದ ಒಂದು ಮೆಟ್ಟಿಲಿನಂತಹ ಜಾಗವಿರುತ್ತದೆ. ಅದಕ್ಕೆ ಡೆಡ್ ಪೆಡಲ್ ಎಂದು ಹೆಸರು. ಒತ್ತಿದರೆ ಏನೂ ಆಗದ್ದರಿಂದ ಆ ಹೆಸರು ಬಂದಿದೆ, ಹೆದರಬೇಕಾದ್ದಿಲ್ಲ. ಗೇರ್ ಬದಲಾಯಿಸಿ ಆದ ಕೂಡಲೇ ಪಾದ ಪೂರ್ತಿಯಾಗಿ ಅಲ್ಲಿಗೆ ಹೋಗಬೇಕು. ಹಿಮ್ಮಡಿ ನೆಲದಲ್ಲಿ, ಅಂಗಾಲು ಆ ಮೆಟ್ಟಿಲಿನ ಮೇಲೆ, ಮಂಡಿ ಸ್ವಲ್ಪ ಬಾಗಿ ಸಡಿಲವಾಗಿ. ಆ ಮೆಟ್ಟಿಲು ಇಲ್ಲದ ಕಾರಾದರೆ ಕ್ಲಚ್ಚಿನ ಎಡಬದಿಯ ನೆಲವೇ ಸಾಕು. ಸಣ್ಣ ಕಾರುಗಳಲ್ಲಿ ಬಲಗಡೆಯ ಮುಂಚಕ್ರದ ಉಬ್ಬು ಒಳಗೆ ಚಾಚಿಕೊಂಡಿದ್ದು ಪೆಡಲುಗಳೆಲ್ಲ ತುಸು ಎಡಕ್ಕೆ ಸರಿದಿರುತ್ತವೆ. ಅಂತಹ ಕಾರಿನಲ್ಲಿ ಎಡಪಾದಕ್ಕೆ ಜಾಗವೇ ಸಾಲದು. ಕೊಳ್ಳುವ ಮುನ್ನ ಬಣ್ಣ, ಮೈಲೇಜು ವಿಚಾರಿಸುವವರು ಚಾಲಕನ ಸೀಟಿನಲ್ಲಿ ಹತ್ತು ನಿಮಿಷ ಕುಳಿತು ಎಡಗಾಲಿಗೆ ನೆಲೆ ಇದೆಯೇ ಎಂದು ನೋಡುವುದು ಒಳ್ಳೆಯದು.

ಸೀಟಿನ ದೂರವೂ ಮುಖ್ಯ. ಬೆನ್ನನ್ನು ಸೀಟಿಗೆ ಆನಿಸಿ ಕುಳಿತು ಕ್ಲಚ್ಚನ್ನು ತಳಮುಟ್ಟ ಒತ್ತಿದಾಗಲೂ ಮಂಡಿ ಇನ್ನೂ ಸ್ವಲ್ಪ ಬಾಗಿರಬೇಕು. ಒತ್ತುವಾಗ ಕುಂಡಿ ಮುಂದಕ್ಕೆ ಜಾರಿದರೆ ಸೀಟು ದೂರವಾಯಿತೆಂದು ಅರ್ಥ. ತೊಡೆ ಸ್ಟೇರಿಂಗಿಗೆ ತಗುಲುವಷ್ಟು ಹತ್ತಿರವಾದರೆ ಮಂಡಿ ಅತಿಯಾಗಿ ಮಡಿಚಿ, ಚಿಪ್ಪಿನ ಹಿಂದೆ ಒತ್ತಡ ಬೀಳುತ್ತದೆ.

ಕಾಲನ್ನು ಇಡಬಾರದ ಜಾಗಗಳೂ ಇವೆ. ಕೆಲವರು ಎಡಗಾಲನ್ನು ಹಿಂದಕ್ಕೆಳೆದು ಸೀಟಿನ ಕೆಳಗೆ ಸೇರಿಸಿಕೊಳ್ಳುತ್ತಾರೆ. ಕೆಲವರು ಕ್ಲಚ್ ಪೆಡಲಿನ ಅಡಿಗೇ ತೂರಿಸುತ್ತಾರೆ. ನೇರ ಹೆದ್ದಾರಿಯಲ್ಲಿ ಎಡಗಾಲನ್ನು ಮಡಿಚಿ ಸೀಟಿನ ಮೇಲಿಟ್ಟು ಅರ್ಧ ಚಕ್ಕಳಮಕ್ಕಳ ಹಾಕಿ ಕೂರುವ ಲಾರಿ ಚಾಲಕರನ್ನು ನೀವೂ ಕಂಡಿರಬಹುದು. ಎದುರಿಗೆ ದನ ಬಂದಾಗ ಆ ಕಾಲು ಕೆಳಗಿಳಿಯುವಷ್ಟರಲ್ಲಿ ಆಗಬಾರದ್ದು ಆಗಿಹೋಗುತ್ತದೆ. ಇನ್ನು ಕೆಲವರು ಮಂಡಿಯನ್ನು ಎಡಕ್ಕೆ ವಾಲಿಸಿ ಗೇರಿನ ಪಕ್ಕದ ಗಟ್ಟಿ ಭಾಗಕ್ಕೆ ಒರಗಿಸುತ್ತಾರೆ. ಮಂಡಿಯ ಹೊರಬದಿಯಲ್ಲಿ ಕೈಗೆ ಸಿಗುವ ಮೂಳೆಯ ಗುಬುಟಿನ ಕೆಳಗೆ, ಚರ್ಮದ ಅಡಿಯಲ್ಲೇ ಒಂದು ನರ ಹಾದುಹೋಗುತ್ತದೆ. ಪಾದವನ್ನು ಮೇಲೆತ್ತುವ ಶಕ್ತಿ ಬರುವುದು ಅದರಿಂದಲೇ. ಗಂಟೆಗಟ್ಟಲೆ ಅದನ್ನು ಅದುಮಿದರೆ ಪಾದದ ಮೇಲ್ಭಾಗ ಜೋಮು ಹಿಡಿಯುತ್ತದೆ. ಒಮ್ಮೊಮ್ಮೆ ಇಳಿದು ನಡೆಯುವಾಗ ಪಾದವನ್ನು ಎತ್ತಲಾಗದೆ ಬೆರಳು ನೆಲಕ್ಕೆ ತಾಗುತ್ತದೆ. ಹಾಗಾದರೆ ತಡಮಾಡದೆ ತೋರಿಸಿ.

ಪಾದವನ್ನು ಕ್ಲಚ್ ಮೇಲೆ ‘ಸುಮ್ಮನೆ’ ಇಟ್ಟುಕೊಂಡಿದ್ದೇನೆ ಎನ್ನುವವರು ತಮ್ಮ ಮೆಕ್ಯಾನಿಕ್ಕನ್ನು ಕೇಳಬೇಕು. ಆ ಅಲ್ಪ ಭಾರಕ್ಕೂ ಒಳಗಿನ ಬೇರಿಂಗ್ ಸದಾ ತಿರುಗುತ್ತಿರುತ್ತದೆ, ಕ್ಲಚ್ ಪ್ಲೇಟ್ ಪೂರ್ತಿ ಕಚ್ಚಿಕೊಳ್ಳದೆ ಜಾರಿ, ಕಾದು ಸವೆಯುತ್ತದೆ. ಕ್ಲಚ್ ಸವೆದಂತೆಲ್ಲ ಪೆಡಲ್ ಬಿಗಿಯಾಗುತ್ತದೆ. ಬಿಗಿಯಾದ ಪೆಡಲ್ ಮತ್ತೆ ಮಂಡಿಗೇ ಭಾರ. ಸಿಗ್ನಲಿನಲ್ಲಿ 90 ಸೆಕೆಂಡು ಎಂದು ಕಂಡಮೇಲೂ ಮೊದಲ ಗೇರಿನಲ್ಲಿ ಕ್ಲಚ್ ಒತ್ತಿಹಿಡಿದು ನಿಲ್ಲುವವರಿದ್ದಾರೆ. ನ್ಯೂಟ್ರಲ್ ಮಾಡಿ, ಹ್ಯಾಂಡ್‌ಬ್ರೇಕ್ ಎಳೆದು, ಕಾಲಿಗೆ ಆ ಒಂದೂವರೆ ನಿಮಿಷ ಬಿಡುವು ಕೊಡಬಹುದು.

ಇಲ್ಲಿಯವರೆಗಿನದು ನೋವಿನ ವಿಚಾರ. ಇನ್ನು ಹೇಳುವುದು ಪ್ರಾಣಕ್ಕೆ ಸಂಬಂಧಿಸಿದ್ದು. ನನ್ನದೇ ತಪ್ಪಿನಿಂದ ಕಲಿತದ್ದು.

ಕೆಲವು ವರ್ಷಗಳ ಹಿಂದೆ 38 ವಯಸ್ಸಿನ ಟ್ಯಾಕ್ಸಿ ಚಾಲಕರೊಬ್ಬರು ಎಡ ಮೀನಖಂಡದ ನೋವೆಂದು ಬಂದರು. ಹಾಸನದಿಂದ ಬೆಂಗಳೂರಿನ ವಿಮಾನ ನಿಲ್ದಾಣಕ್ಕೆ ಗಿರಾಕಿಗಳನ್ನು ಬಿಟ್ಟು, ಸಿಕ್ಕರೆ ಅಲ್ಲಿಂದ ಬೇರೆಯವರನ್ನು ಕೂರಿಸಿಕೊಂಡು ಅದೇ ರಾತ್ರಿ ವಾಪಸಾಗುವುದು ಅವರ ದುಡಿಮೆ. “ಕ್ಲಚ್ ನೋವು ಸಾರ್, ಒಂದು ಇಂಜೆಕ್ಷನ್ ಹಾಕಿಬಿಡಿ, ಸಂಜೆ ಇನ್ನೊಂದು ಟ್ರಿಪ್ಪಿದೆ” ಎಂದರು. ಕ್ಲಿನಿಕ್ಕಿನಲ್ಲಿ ಜನ ತುಂಬಿದ್ದರು. ನಾನೂ ಕ್ಲಚ್ ನೋವೆಂದೇ ಒಪ್ಪಿ, ನೋವಿನ ಮಾತ್ರೆ, ಮುಲಾಮು ಬರೆದು ಕಳಿಸಿದೆ. ಪ್ಯಾಂಟು ಮಡಿಚಿಸಿ ಎರಡೂ ಕಾಲುಗಳನ್ನು ಜತೆಗಿಟ್ಟು ನೋಡಲಿಲ್ಲ. ಮೂರನೆಯ ದಿನ ಅವರ ಹೆಂಡತಿ ಆಟೋದಲ್ಲಿ ಕರೆತಂದರು. ಕಾಲು ಮಂಡಿಯವರೆಗೆ ಊದಿ ಬಿಗಿದು ಬೆಚ್ಚಗಿತ್ತು. ಮೆಟ್ಟಿಲು ಹತ್ತುವಷ್ಟರಲ್ಲಿ ಏದುಸಿರು. ಕೂಡಲೇ ದೊಡ್ಡ ಆಸ್ಪತ್ರೆಗೆ ಕಳಿಸಿದೆ. ಡಾಪ್ಲರ್ ಸ್ಕ್ಯಾನಿನಲ್ಲಿ ಕಾಲಿನ ಆಳದ ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಅದರ ಒಂದು ಚೂರು ಆಗಲೇ ಶ್ವಾಸಕೋಶವನ್ನು ಸೇರಿತ್ತು. ಅವರು ಉಳಿದರು. ಇನ್ನೊಂದು ದಿನ ತಡವಾಗಿದ್ದರೆ ಏನಾಗುತ್ತಿತ್ತೋ ಎಂದು ನೆನೆದರೆ ಈಗಲೂ ನನಗೆ ಕಸಿವಿಸಿ.

ಹೃದಯದಿಂದ ಕಾಲಿಗೆ ಇಳಿದ ರಕ್ತ ಮತ್ತೆ ಮೇಲೇರಬೇಕಾದರೆ ಮೀನಖಂಡದ ಸ್ನಾಯು ಅದನ್ನು ಹಿಂಡಿ ತಳ್ಳಬೇಕು. ನಡೆಯುವಾಗ ಪ್ರತಿ ಹೆಜ್ಜೆಗೂ ಇದು ತಾನಾಗಿಯೇ ಆಗುತ್ತದೆ. ಮೀನಖಂಡವನ್ನು ಎರಡನೆಯ ಹೃದಯ ಎನ್ನುವುದು ಇದಕ್ಕೇ. ಊರೊಳಗೆ ಓಡಿಸುವಾಗ ಕ್ಲಚ್ ಒತ್ತೊತ್ತಿ ಎಡಗಾಲಿಗೆ ಅಷ್ಟಿಷ್ಟಾದರೂ ಚಲನೆ ಸಿಗುತ್ತದೆ. ಆದರೆ ಚತುಷ್ಪಥ ಹೆದ್ದಾರಿಯಲ್ಲಿ ಅರ್ಧ ಗಂಟೆ ಗೇರ್ ಬದಲಾಯಿಸುವ ಪ್ರಮೇಯವೇ ಬರುವುದಿಲ್ಲ. ಬಲಗಾಲು ಆಕ್ಸಿಲರೇಟರ್ ಮೇಲೆ ಸ್ವಲ್ಪವಾದರೂ ಆಡುತ್ತಿರುತ್ತದೆ. ಎಡಗಾಲು ಕಲ್ಲಿನಂತೆ ಕುಳಿತಿರುತ್ತದೆ. ಸಾಲದ್ದಕ್ಕೆ, ಎಡಗಾಲಿನಿಂದ ಮೇಲೇರುವ ದೊಡ್ಡ ಅಭಿಧಮನಿಯ ಮೇಲೆ ಹೊಟ್ಟೆಯೊಳಗೆ ಬಲಗಾಲಿನ ಅಪಧಮನಿ ಅಡ್ಡ ಹಾದು ಅದನ್ನು ತುಸು ಅದುಮುತ್ತದೆ. ನಮ್ಮೆಲ್ಲರ ದೇಹರಚನೆಯೂ ಹೀಗೆಯೇ. ಹೆಪ್ಪುಗಟ್ಟುವ ಕಾಯಿಲೆ ಬಲಗಾಲಿಗಿಂತ ಎಡಗಾಲಿನಲ್ಲಿ ಹೆಚ್ಚಾಗಿ ಕಾಣುವುದಕ್ಕೆ ಇದೊಂದು ಕಾರಣ.

ಕುಳಿತಲ್ಲೇ ಕುಳಿತರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟೀತು ಎಂಬುದು ವೈದ್ಯಲೋಕಕ್ಕೆ ಹೊಸದಲ್ಲ. 1940ರಲ್ಲಿ ಲಂಡನ್ ಮೇಲೆ ಬಾಂಬು ಬೀಳುತ್ತಿದ್ದಾಗ ಜನ ನೆಲಮಾಳಿಗೆಗಳಲ್ಲಿ ಮಡಿಸುವ ಕ್ಯಾನ್ವಾಸ್ ಕುರ್ಚಿಗಳ ಮೇಲೆ ರಾತ್ರಿ ಕಳೆಯುತ್ತಿದ್ದರು. ಕುರ್ಚಿಯ ಮುಂದಿನ ಅಡ್ಡಪಟ್ಟಿ ತೊಡೆಯ ಹಿಂಭಾಗವನ್ನು ಒತ್ತಿ ರಕ್ತ ತಡೆಯುತ್ತಿತ್ತು. ಬಾಂಬಿಗೆ ಸಿಕ್ಕದವರಲ್ಲಿ ಕೆಲವರು ಹೆಪ್ಪು ಶ್ವಾಸಕೋಶಕ್ಕೆ ಹೋಗಿ ಸತ್ತದ್ದನ್ನು ಕೀತ್ ಸಿಂಪ್ಸನ್ ಎಂಬ ವೈದ್ಯರು ಅದೇ ವರ್ಷ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬರೆದರು. ನಮ್ಮ ಕಾರಿನ ಸೀಟನ್ನು ಅತಿ ಎತ್ತರಕ್ಕೆ ಏರಿಸಿ ಪಾದ ನೆಲಕ್ಕೆ ಸರಿಯಾಗಿ ಊರದಿದ್ದರೆ ಸೀಟಿನ ಅಂಚು ಮಾಡುವುದೂ ಅದನ್ನೇ.

ಹಾಗೆಂದು ಗಾಬರಿ ಬೇಡ. ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ನಾಲ್ಕು ಗಂಟೆಗಿಂತ ಹೆಚ್ಚು ಕಾಲ ಕದಲದೆ ಕುಳಿತು ಪ್ರಯಾಣ ಮಾಡಿದರೆ ಈ ಅಪಾಯ ಸುಮಾರು ಇಮ್ಮಡಿಯಾಗುತ್ತದೆ. ವಿಮಾನವಾಗಲಿ, ಬಸ್ಸಾಗಲಿ, ಕಾರಾಗಲಿ ಒಂದೇ. ಆದರೂ ಆರೋಗ್ಯವಂತರಲ್ಲಿ ಅದು 6000 ಜನರಿಗೆ ಒಬ್ಬರಷ್ಟು ಮಾತ್ರ. ಇತ್ತೀಚೆಗೆ ದೊಡ್ಡ ಶಸ್ತ್ರಚಿಕಿತ್ಸೆ ಆದವರು, ಗರ್ಭಿಣಿಯರು ಮತ್ತು ಬಾಣಂತಿಯರು, ಗರ್ಭನಿರೋಧಕ ಮಾತ್ರೆ ಸೇವಿಸುವವರು, ತೀರಾ ದಪ್ಪನೆಯವರು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು, ಹಿಂದೆ ಒಮ್ಮೆ ಹೆಪ್ಪುಗಟ್ಟಿದ್ದವರು ಹೆಚ್ಚಿನ ಎಚ್ಚರ ವಹಿಸಬೇಕು. ಎರಡು ಗಂಟೆಗೊಮ್ಮೆ ಗಾಡಿ ನಿಲ್ಲಿಸಿ ಐದು ನಿಮಿಷ ಓಡಾಡಿ. ನೇರ ರಸ್ತೆಯಲ್ಲಿ ಹೋಗುವಾಗ ಎಡಪಾದದಿಂದ ಡೆಡ್ ಪೆಡಲನ್ನು ಆಗಾಗ ಒತ್ತಿ ಬಿಡಿ. ಮೀನಖಂಡಕ್ಕೆ ಅಷ್ಟೇ ಸಾಕು, ಕಣ್ಣು ರಸ್ತೆಯಿಂದ ಕದಲಬೇಕಾಗಿಲ್ಲ. ಮೂತ್ರಕ್ಕೆ ನಿಲ್ಲಿಸಬೇಕಾದೀತೆಂದು ನೀರು ಕುಡಿಯದೆ ಓಡಿಸುವ ಅಭ್ಯಾಸ ನಮ್ಮಲ್ಲಿ, ಅದರಲ್ಲೂ ಹೆಂಗಸರಲ್ಲಿ ಬಹಳ. ನಿಲ್ಲಿಸುವುದೇ ಬೇಕಾದ್ದು, ಆದ್ದರಿಂದ ನೀರು ಕುಡಿಯಿರಿ.

ಕ್ಲಚ್ ನೋವಿಗೂ ಹೆಪ್ಪಿನ ನೋವಿಗೂ ವ್ಯತ್ಯಾಸ ತಿಳಿಯುವುದು ಹೇಗೆ? ದಣಿವಿನ ನೋವು ಕಾಲು ಚಾಚಿ ಮಲಗಿ ಎದ್ದರೆ ಬಹುಮಟ್ಟಿಗೆ ಇಳಿದಿರುತ್ತದೆ, ಕಾಲು ಊದಿರುವುದಿಲ್ಲ. ಒಂದೇ ಕಾಲು ಊದಿ, ಮೀನಖಂಡ ಬಿಗಿದು ಬೆಚ್ಚಗಾಗಿ, ಒತ್ತಿದರೆ ನೋಯುತ್ತಿದ್ದರೆ ಎಣ್ಣೆ ಹಚ್ಚಿ ತಿಕ್ಕಿಸಬೇಡಿ, ಉಳುಕು ತೆಗೆಯುವವರ ಹತ್ತಿರ ಹೋಗಬೇಡಿ. ತಿಕ್ಕಿದರೆ ಹೆಪ್ಪು ಕಳಚಿ ಮೇಲೆ ಹೋದೀತು. ಅಂದೇ ವೈದ್ಯರಿಗೆ ತೋರಿಸಿ. ಅದರ ಜತೆ ಉಸಿರು ಕಟ್ಟುವುದು, ಎದೆನೋವು, ಕೆಮ್ಮಿದಾಗ ರಕ್ತ ಕಂಡರೆ ನೇರವಾಗಿ ಆಸ್ಪತ್ರೆಗೆ, ಅದೂ ಬೇರೆಯವರು ಓಡಿಸುವ ಗಾಡಿಯಲ್ಲಿ.

ಸಕ್ಕರೆ ಕಾಯಿಲೆಯವರಿಗೆ ಒಂದು ಮಾತು. ಕಾಯಿಲೆ ಹಳೆಯದಾದಂತೆ ಅಂಗಾಲಿನ ಸ್ಪರ್ಶಜ್ಞಾನ ಕುಂದುತ್ತದೆ. ಪಾದ ಕ್ಲಚ್ ಮೇಲಿದೆಯೋ ನೆಲದ ಮೇಲಿದೆಯೋ ನೋಡದೆ ತಿಳಿಯದಂತಾದರೆ ಓಡಿಸುವುದನ್ನು ನಿಲ್ಲಿಸಿ ಮೊದಲು ಪರೀಕ್ಷೆ ಮಾಡಿಸಿ. ಎಂಜಿನ್ ಮುಂದಿರುವ ಹಳೆಯ ಮಾದರಿಯ ಬಸ್ಸು, ಲಾರಿಗಳಲ್ಲಿ ಎಂಜಿನ್ನಿನ ಮುಚ್ಚಳ ಚಾಲಕನ ಎಡಗಾಲಿನ ಪಕ್ಕದಲ್ಲೇ ಕಾದಿರುತ್ತದೆ. ಅದಕ್ಕೆ ಕಾಲು ತಾಗಿಸಿಕೊಂಡು ಓಡಿಸಿ, ಬೊಬ್ಬೆ ಎದ್ದದ್ದು ಮನೆಗೆ ಹೋಗಿ ಕಾಲು ತೊಳೆಯುವವರೆಗೂ ತಿಳಿಯದಿದ್ದ ಇಬ್ಬರು ಮಧುಮೇಹಿ ಚಾಲಕರಿಗೆ ನಾನೇ ಗಾಯ ಕಟ್ಟಿದ್ದೇನೆ. ಬರಿಗಾಲಲ್ಲಿ ಓಡಿಸಬೇಡಿ, ಹವಾಯಿ ಚಪ್ಪಲಿಯೂ ಬೇಡ. ಹಿಂದೆ ಪಟ್ಟಿ ಇರುವ, ತೆಳು ಅಟ್ಟೆಯ ಚಪ್ಪಲಿ ಅಥವಾ ಷೂ ಇರಲಿ. ಕಾಲಿನ ಜಾಗದಲ್ಲಿ ನೀರಿನ ಬಾಟಲಿ, ಒಂದರ ಮೇಲೊಂದು ಹಾಸಿದ ಮ್ಯಾಟು ಯಾವುದೂ ಇರಬಾರದು. ಬಾಟಲಿ ಉರುಳಿ ಬ್ರೇಕಿನ ಕೆಳಗೆ ಸಿಕ್ಕಿಕೊಂಡರೆ ಬಲಗಾಲು ಎಷ್ಟು ಒತ್ತಿದರೂ ಗಾಡಿ ನಿಲ್ಲದು.

ಕ್ಲಚ್ಚೇ ಇಲ್ಲದ ಆಟೋಮ್ಯಾಟಿಕ್ ಕಾರುಗಳು ಈಗ ನಮ್ಮ ಊರುಗಳಲ್ಲೂ ಬೇಕಾದಷ್ಟಿವೆ. ಎಡಮಂಡಿಯ ತೊಂದರೆ ಇರುವವರಿಗೆ ಅವು ವರವೇ ಸರಿ. ಆದರೆ ಕೆಲಸವಿಲ್ಲದ ಎಡಗಾಲನ್ನು ಬ್ರೇಕಿಗೆ ಬಳಸಲು ಹೋಗಬೇಡಿ. ವರ್ಷಗಟ್ಟಲೆ ಕ್ಲಚ್ಚನ್ನು ತಳಮುಟ್ಟ ಒತ್ತಿ ಅಭ್ಯಾಸವಾದ ಕಾಲು ಬ್ರೇಕನ್ನೂ ಹಾಗೆಯೇ ಒತ್ತುತ್ತದೆ. ಹಿಂದಿನವನು ಬಂದು ಗುದ್ದುತ್ತಾನೆ. ಅಲ್ಲಿಯೂ ಎಡಪಾದದ ಜಾಗ ಡೆಡ್ ಪೆಡಲೇ.

ಮೇಷ್ಟ್ರಿಗೆ ನಾನು ಹೊಸ ಮಾತ್ರೆ ಬರೆಯಲಿಲ್ಲ. ಸೀಟನ್ನು ಒಂದು ಹಲ್ಲು ಹಿಂದಕ್ಕೆ ಸರಿಸಿ, ಗೇರ್ ಬದಲಾಯಿಸಿದ ಪ್ರತಿ ಸಲ “ಕಾಲು ಕೆಳಗೆ” ಎಂದು ಬಾಯಿಬಿಟ್ಟು ಹೇಳಿಕೊಳ್ಳುವಂತೆ ಸೂಚಿಸಿದೆ. ಮೊದಲ ವಾರ ನಾಚಿಕೆಯಾಯಿತಂತೆ. ಆರು ವಾರಗಳಲ್ಲಿ ಕಾಲಿನ ಮುಂಭಾಗದ ನೋವು ಪೂರ್ತಿ ಹೋಗಿ, ಸೊಂಟದ್ದು ಮುಕ್ಕಾಲು ಪಾಲು ಇಳಿದಿತ್ತು. ಎಕ್ಸ್-ರೇಯಲ್ಲಿನ ಸವೆತ ಹಾಗೆಯೇ ಇದೆ, ಅದರ ಪಾಡಿಗೆ ಅದಿರಲಿ. ಈಗ ಅವರ ಮನೆಯವರು ಅದೇ ಡ್ರೈವಿಂಗ್ ಸ್ಕೂಲಿಗೆ ಸೇರಿದ್ದಾರೆ. “ಕ್ಲಚ್ ಮೇಲಿಂದ ಕಾಲು ತೆಗೀಬೇಡಿ ಮೇಡಂ” ಎಂದು ಕಲಿಸುವವರು ಹೇಳಿದಾಗ, ಹಿಂದಿನ ಸೀಟಿನಲ್ಲಿದ್ದ ಮೇಷ್ಟ್ರು “ಯಾವಾಗಿನಿಂದ ತೆಗೀಬಹುದು ಅಂತ ಅದನ್ನೂ ಹೇಳಿಬಿಡಿ” ಎಂದರಂತೆ.